ಕಡೆಯ ಪದ್ಯ ಕೇಳದೆ ಎದ್ದು ಹೋಗುವವರು ಯಾರು? ಆಟದ ಗಂಟೆ ಬದಲಾದ ಮೇಲೆ ಕುಂದಾಪುರ ಸೀಮೆಯಲ್ಲಿ ಆದದ್ದು

ಕುಂದಾಪುರ: ಆಟ ನೋಡಿ ಬಂದವರನ್ನು ಮಾರನೇ ದಿನ ಹೋಟೆಲಿನಲ್ಲಿ ಕೇಳುವ ಪ್ರಶ್ನೆ ಒಂದೇ. 'ಹ್ವಾಯ್, ಆಟ ಹ್ಯಾಂಗಾಯ್ತ್?' ಉತ್ತರದಲ್ಲಿ ಪ್ರಸಂಗದ ಕಥೆ ಬರುವುದು ಕಡಿಮೆ. ಬೆಳಗಿನ ಜಾವ ಭಾಗವತರು ಹೇಗೆ ಹೇಳಿದರು, ಕಡೆಗೆ ಚಂಡೆ ಹೇಗೆ ಏರಿತು ಎನ್ನುವುದೇ ಮೊದಲು ಬರುತ್ತದೆ. ರಾತ್ರಿ ಎಂಟು ಗಂಟೆ ಕಥೆಯ ಕಡೆಯ ಅರ್ಧ ಗಂಟೆಯೇ ಇಡೀ ಆಟದ ಮಾರ್ಕು.

ಇದು ಯಕ್ಷಗಾನಕ್ಕೆ ಮಾತ್ರ ಸೀಮಿತವಾದ ವಿಷಯ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್ಮನ್ ಮತ್ತು ಸಂಗಡಿಗರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ದರು. ಜನರಿಗೆ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡು ಕೈ ಅದ್ದಿಸಿದರು. ಇನ್ನೊಂದು ಸಲ ಅದೇ 60 ಸೆಕೆಂಡು, ಜೊತೆಗೆ ಇನ್ನೂ 30 ಸೆಕೆಂಡು, ಆದರೆ ಆ ಕಡೆಯ ಹೊತ್ತಿಗೆ ನೀರು ಒಂದು ಡಿಗ್ರಿಯಷ್ಟು ಬೆಚ್ಚಗೆ. ಯಾವುದನ್ನು ಮತ್ತೆ ಮಾಡ್ತೀರಿ ಎಂದು ಕೇಳಿದರೆ ಹೆಚ್ಚಿನವರು ಆರಿಸಿದ್ದು ಉದ್ದದ್ದನ್ನೇ. ಒಟ್ಟು ಹಿಂಸೆ ಜಾಸ್ತಿಯಾದರೂ ಮುಗಿದ ರೀತಿ ಚೂರು ಹಿತವಾಗಿತ್ತು, ಅಷ್ಟೇ ಸಾಕಾಯಿತು. ಮನುಷ್ಯನ ನೆನಪು ಗಡಿಯಾರ ನೋಡುವುದಿಲ್ಲ, ಏರಿದ ಜಾಗ ಮತ್ತು ಮುಗಿದ ಜಾಗ ನೋಡುತ್ತದೆ. ಚಾಪೆ ಮೇಲೆ ನಡುರಾತ್ರಿ ಒಂದು ಗಂಟೆ ನಿದ್ದೆ ಹೊಡೆದವರೂ ಬೆಳಿಗ್ಗೆ 'ಆಟ ಭಾರಿ ಲಾಯ್ಕಿತ್ತ್' ಎಂದು ಹೇಳುವುದು ಸುಳ್ಳಲ್ಲ ಮಾರ್ರೆ.

ಹಾಗಾದರೆ ಆಟದ ಕಡೆಯ ಪದ್ಯ ಯಾವುದು? ಇಲ್ಲಿ ಎರಡಿವೆ. ಒಂದು, ಕಥೆ ತುದಿಗೆ ಬಂದಾಗಿನ ಏರು ಪದ್ಯಗಳು. ಯುದ್ಧ, ವಧೆ, ಅಥವಾ ದೇವರು ಪ್ರತ್ಯಕ್ಷ ಆಗುವ ಹೊತ್ತು. ಹಿಮ್ಮೇಳ ಪೂರ್ತಿ ಕಾವಿನಲ್ಲಿ ಇರುತ್ತದೆ, ಚಂಡೆ, ಮದ್ದಳೆ, ಭಾಗವತರ ಏರುಸ್ವರ ಒಟ್ಟಿಗೆ. ಇನ್ನೊಂದು, ಅದೆಲ್ಲ ಇಳಿದ ಮೇಲೆ ಬರುವ ಮಂಗಳ. ಒಂದೆರಡು ನಿಮಿಷ, ಅಷ್ಟೇ. ಅಭಿಮಾನಿಗಳ ಕಡೆಯ ಪದ್ಯ ಮೊದಲನೆಯದು. ಹರಕೆ ಹೊತ್ತ ಮನೆಯವರ ಕಡೆಯ ಪದ್ಯ ಎರಡನೆಯದು. ಈ ವ್ಯತ್ಯಾಸ ಹಿಡಿದುಕೊಂಡರೆ ಮುಂದಿನ ಕತೆ ಅರ್ಥ ಆಗ್ತದೆ.

ರಾತ್ರಿ ಇಡೀ ಆಟದ ಕಟ್ಟೋಣವೇ ಕಡೆಯ ಹೊತ್ತನ್ನು ನೋಡಿಕೊಂಡು ಆದದ್ದು. ಮುಸ್ಸಂಜೆ ಚಂಡೆಯ ಕೇಳಿ ಬಡಿದು ಊರಿಗೆ ತಿಳಿಸುವುದು. ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಕುಣಿಯುವಾಗ ಹಾಡುವುದು ಬಡಗಿನಲ್ಲಿ 'ಸಂಗೀತಗಾರ' ಅಂತ ಕರೆಸಿಕೊಳ್ಳುವ ಎಳೆಯ ಭಾಗವತ. ಮುಖ್ಯ ಭಾಗವತರು ಬಂದು ಕೂರುವುದು ರಾತ್ರಿ ಏರಿದ ಮೇಲೆ. ಹೆಸರಿನ ವೇಷಧಾರಿಗಳೂ ಹಾಗೆಯೇ. ಅಂದರೆ ಜನರನ್ನು ಬೆಳಗಿನವರೆಗೆ ಕಾಯಿಸುವುದೇ ಲೆಕ್ಕಾಚಾರ. ಕಾದವನಿಗೆ ಸಿಗುವ ಪದ್ಯಕ್ಕೂ, ಬಂದು ಕೂತ ಹತ್ತನೇ ನಿಮಿಷಕ್ಕೆ ಸಿಗುವ ಪದ್ಯಕ್ಕೂ ರುಚಿ ಬೇರೆ.

ಸಾಲಿಗ್ರಾಮ ಮೇಳದಲ್ಲಿ ಗುಂಡ್ಮಿ ಕಾಳಿಂಗ ನಾವಡರು ಭಾಗವತರಾಗಿದ್ದಾಗ ಅವರ ಪದ್ಯಕ್ಕೆಂದೇ ಡೇರೆಗೆ ಜನ ಬರುತ್ತಿದ್ದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡಾಗ ಪ್ರಾಯ ಮೂವತ್ತರ ಆಸುಪಾಸು. ಅವರ ಕ್ಯಾಸೆಟ್ಟುಗಳು ಎಷ್ಟೋ ವರ್ಷ ಮನೆ ಮನೆಗಳಲ್ಲಿ, ಟೆಂಪೋಗಳಲ್ಲಿ ಓಡಿದವು. ಪೆರ್ಡೂರು ಮೇಳದಲ್ಲಿ ದಶಕಗಳ ಕಾಲ ಹಾಡಿದ ಸುಬ್ರಹ್ಮಣ್ಯ ಧಾರೇಶ್ವರರು ಗೋಕರ್ಣದ ಕಡೆಯವರಾದರೂ ನೆಲೆಸಿದ್ದು ಇಲ್ಲೇ ಕಿರಿಮಂಜೇಶ್ವರದಲ್ಲಿ. 2024ರ ಏಪ್ರಿಲ್ 25ರಂದು ಅವರು ಹೋದ ದಿನ ಈ ಭಾಗದ ಮೊಬೈಲ್ ಸ್ಟೇಟಸ್ಸುಗಳಲ್ಲೆಲ್ಲ ಪದ್ಯದ ತುಣುಕುಗಳೇ. ಆ ತುಣುಕುಗಳಲ್ಲಿ ಮಂಗಳ ಇರುವುದು ಬಹಳ ಅಪರೂಪ. ರೆಕಾರ್ಡ್ ಮಾಡುವವರು ಏರು ಪದ್ಯ ಮುಗಿದ ಕೂಡಲೇ ಮೊಬೈಲು ಕಿಸೆಗೆ ಹಾಕಿರುತ್ತಾರೆ.

ಪ್ರೇಕ್ಷಕನಿಗೆ ಇದು ಆ ಭಾಗವತರಿಂದ ತಾನು ಕೇಳುವ ಕಡೆಯ ಪದ್ಯ ಅಂತ ಯಾವತ್ತೂ ಗೊತ್ತಿರುವುದಿಲ್ಲ. ಬೀಟಲ್ಸ್ ತಂಡ 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಅರ್ಧ ಗಂಟೆ ಚಿಲ್ಲರೆ ಹಾಡಿ ಇಳಿದುಹೋಯಿತು. ಅದೇ ಅವರ ಟಿಕೆಟ್ ಇಟ್ಟ ಕೊನೆಯ ಕಾರ್ಯಕ್ರಮ ಎಂದು ಮೈದಾನದಲ್ಲಿ ಇದ್ದವರಿಗೆ ಗೊತ್ತಿರಲಿಲ್ಲ. ಇವತ್ತು ಆ ಸಂಜೆಯ ಕಡೆಯ ಹಾಡು ಯಾವುದು ಎಂದು ಹುಡುಕಿ ಹೇಳುವವರು ಇದ್ದಾರೆ. ಬೆಲೆ ಆಮೇಲೆ ಬಂದದ್ದು.

ಈಗ ವಿಷಯಕ್ಕೆ ಬರೋಣ. ಹತ್ತು ಗಂಟೆಯ ನಿಯಮ.

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ಶಬ್ದದ ಮಿತಿ 45 ಡೆಸಿಬೆಲ್. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಕ್ಕೆ ರಾಜ್ಯ ಸರ್ಕಾರ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ದೀಪಾವಳಿಯ ಹೊತ್ತಿಗೆ ಹೊರಟು ಹತ್ತನಾವಧಿವರೆಗೆ ದಿನಾ ಒಂದೊಂದು ಊರಿನಲ್ಲಿ ಆಡುವ ಮೇಳಕ್ಕೆ 15 ದಿನ ಎಂದರೆ ಎಂತ ಲೆಕ್ಕ? ಇಲ್ಲಿಂದ ಶುರುವಾಯಿತು ಕಾಲಮಿತಿ.

ತೆಂಕಿನ ಕಟೀಲು ಮೇಳಗಳೇ 2022ರ ತಿರುಗಾಟದಲ್ಲಿ ಕಾಲಮಿತಿಗೆ ಬಂದಾಗ ಭಕ್ತರಲ್ಲಿ ದೊಡ್ಡ ಚರ್ಚೆ ಆಗಿತ್ತು. ವಿಷಯ ಹೈಕೋರ್ಟಿಗೆ ಹೋಗಿ, 2024ರ ಜನವರಿಯಿಂದ ಮತ್ತೆ ರಾತ್ರಿ ಇಡೀ ಆಟ ಶುರುವಾಯಿತು. ನಮ್ಮ ಬಡಗಿನಲ್ಲಿ ಎರಡೂ ನಡೆಯುತ್ತಿವೆ. ಬೆಳಗಿನವರೆಗೆ ಆಡುವ ಹರಕೆ ಮೇಳ ಉಂಟು, ಸಂಜೆ ಶುರುಮಾಡಿ ನಡುರಾತ್ರಿಯೊಳಗೆ ಮುಗಿಸುವ ಆಟವೂ ಉಂಟು. ಆಟವನ್ನು ಚಿಕ್ಕದು ಮಾಡುವ ಆಲೋಚನೆ ಹೊಸತೂ ಅಲ್ಲ. ಕೋಟದ ಶಿವರಾಮ ಕಾರಂತರು ಪಿಟೀಲು, ಸ್ಯಾಕ್ಸೋಫೋನ್ ಇಟ್ಟು ಎರಡು-ಮೂರು ಗಂಟೆಯ ಪ್ರಯೋಗ ಮಾಡಿದಾಗಲೂ ಬೈದವರು ಇದ್ದರು, ಮೆಚ್ಚಿದವರೂ ಇದ್ದರು. ಆದರೆ ಕಾರಂತರು ಕಲೆಯ ಲೆಕ್ಕದಲ್ಲಿ ಕತ್ತರಿಸಿದ್ದು. ಈಗ ಕತ್ತರಿಸುತ್ತಿರುವುದು ಗಡಿಯಾರ.

ಗಡಿಯಾರ ಕತ್ತರಿಸುವಾಗ ಮೊದಲು ಹೋಗುವುದು ಯಾವುದು? ಬಣ್ಣನೆ, ಒಡ್ಡೋಲಗ, ಮಾತುಗಾರಿಕೆ ಅಂತ ಕಲಾವಿದರ ವಲಯದಲ್ಲಿ ಚರ್ಚೆ ಇದೆ. ಅದು ನಿಜವೇ. ಪೂರ್ವರಂಗ ಮೊಟಕಾದರೆ ಎಳೆಯ ಸಂಗೀತಗಾರನಿಗೆ ಹಾಡಿ ಹಾಡಿ ಗಂಟಲು ಪಳಗಿಸಿಕೊಳ್ಳುವ ಜಾಗವೇ ಇಲ್ಲ. ನಾಳೆ ಬೆಳಗಿನ ಜಾವಕ್ಕೆ ಕೂರಬೇಕಾದ ಭಾಗವತ ತಯಾರಾಗುವುದು ಇಂದಿನ ಮುಸ್ಸಂಜೆಯಲ್ಲಿ. ಇದು ಯಾರೂ ಜಾಸ್ತಿ ಮಾತಾಡದ ನಷ್ಟ.

ಇನ್ನೊಂದು ನಷ್ಟ ಪ್ರೇಕ್ಷಕರದ್ದು, ಅದು ಬಸ್ಸಿಗೆ ಸಂಬಂಧಪಟ್ಟದ್ದು. ಹಿಂದೆ ಆಟ ಬೆಳಗಿನವರೆಗೆ ನಡೆಯುತ್ತಿದ್ದುದಕ್ಕೆ ಭಕ್ತಿ, ಕಲೆ ಎಲ್ಲ ಕಾರಣ ಹೌದು. ಜೊತೆಗೆ ಒಂದು ಸಾದಾ ಕಾರಣವೂ ಇತ್ತು. ಬಯಲು, ಗದ್ದೆ, ಹೊಳೆ ದಾಟಿ ಬಂದವರು ನಡುರಾತ್ರಿ ವಾಪಾಸು ಹೋಗುವಂತೆ ಇರಲಿಲ್ಲ. ಬೆಳಕು ಹರಿದರೆ ದಾರಿ ಕಾಣುತ್ತದೆ, ಮೊದಲ ಬಸ್ಸು ಬರುತ್ತದೆ. ಮಂಗಳ ಮುಗಿಯುವುದೂ ಮೊದಲ ಬಸ್ಸೂ ಹೆಚ್ಚು ಕಡಿಮೆ ಒಂದೇ ಹೊತ್ತು. ಯಾರೂ ಮಧ್ಯೆ ಎದ್ದು ಹೋಗುವ ಪ್ರಶ್ನೆಯೇ ಇಲ್ಲ, ಹೋಗುವುದಾದರೂ ಎಲ್ಲಿಗೆ? ಹಾಗಾಗಿ ಅಜ್ಜಿಗೂ, ಕೂಲಿ ಕೆಲಸದವರಿಗೂ, ಶಾಲೆ ಮಕ್ಕಳಿಗೂ ಕಡೆಯ ಪದ್ಯ ಸಮನಾಗಿ ಸಿಗುತ್ತಿತ್ತು.

ಕಾಲಮಿತಿ ಆಟ ಮುಗಿಯುವುದು ನಡುರಾತ್ರಿಯ ಆಸುಪಾಸಿನಲ್ಲಿ. ಆ ಹೊತ್ತಿಗೆ ಒಳನಾಡಿನ ಊರುಗಳಿಗೆ ಬಸ್ಸಿಲ್ಲ. ಬೈಕು, ಕಾರು ಇದ್ದವರು ಕೂತು ನೋಡುತ್ತಾರೆ. ಇಲ್ಲದವರು, ಹೆಚ್ಚಾಗಿ ವಯಸ್ಸಾದವರು ಮತ್ತು ಹೆಂಗಸರು, ರಾತ್ರಿಯ ಕಡೆಯ ಬಸ್ಸಿಗೆ ಅಥವಾ ಯಾರದೋ ರಿಕ್ಷಾಕ್ಕೆ ಅಂತ ಮೊದಲೇ ಏಳುತ್ತಾರೆ. ಕಾಲಮಿತಿ ಬಂದದ್ದು ಎಲ್ಲರಿಗೂ ಅನುಕೂಲ ಆಗಲಿ ಅಂತ. ಮರುದಿನ ಕೆಲಸಕ್ಕೆ ಹೋಗುವವರಿಗೆ, ಪಕ್ಕದ ಮನೆಯ ರೋಗಿಗಳಿಗೆ, ಪರೀಕ್ಷೆ ಮಕ್ಕಳಿಗೆ ಅನುಕೂಲ ಆದದ್ದೂ ಸತ್ಯ. ರಾತ್ರಿ ಇಡೀ ಮೈಕು ಕೇಳಿಸಿಕೊಂಡು ಮಲಗಬೇಕಾದ ಮನೆಯವರ ಕಷ್ಟ ಸಣ್ಣದಲ್ಲ. ಆದರೆ ವಾಹನ ಇಲ್ಲದವರಿಗೆ ಆಟ ಈಗ ತುದಿ ಇಲ್ಲದ ಆಟ. ವಧೆ ಆಗುವ ಮೊದಲೇ ಎದ್ದು ಹೋದವರಿಗೆ ರಕ್ಕಸ ಇನ್ನೂ ಬದುಕಿದ್ದಾನೆ!

ರಸಮಂಜರಿಗಳ ಕತೆ ಬೇರೆಯದೇ. ಕೋಡಿ ಹಬ್ಬದ ಗೌಜಿಯಿಂದ ಹಿಡಿದು ಬ್ರಹ್ಮಾವರ, ಬೈಂದೂರು ಕಡೆಯ ಯುವಕ ಮಂಡಲಗಳ ವಾರ್ಷಿಕೋತ್ಸವದವರೆಗೆ ಎಲ್ಲ ಕಡೆ ಒಂದೇ ಕ್ರಮ. 'ಇದು ಕೊನೆಯ ಹಾಡು' ಎಂದು ನಿರೂಪಕರು ಕನಿಷ್ಠ ಮೂರು ಸಲ ಹೇಳುತ್ತಾರೆ. ಒಂದೂ ಕೊನೆಯದಲ್ಲ. ಯಾಕೆಂದರೆ ಸನ್ಮಾನ, ಭಾಷಣ ಎಲ್ಲ ಮುಗಿದು ಹಾಡು ಶುರುವಾದದ್ದೇ ಒಂಬತ್ತರ ಮೇಲೆ. ಕುಣಿಸುವ ಹಾಡುಗಳನ್ನು ತಂಡದವರು ತುದಿಗೆ ಇಟ್ಟುಕೊಂಡಿರುತ್ತಾರೆ, ಹುಡುಗರು ಅದಕ್ಕೇ ಎದುರು ಬಂದು ನಿಂತಿರುತ್ತಾರೆ. ಅಷ್ಟರಲ್ಲಿ ಪೊಲೀಸ್ ಜೀಪು. ಹಾಡು ಚರಣದ ಮಧ್ಯೆ ನಿಲ್ಲುತ್ತದೆ, ಟ್ಯೂಬ್‌ಲೈಟ್ ಹತ್ತುತ್ತದೆ, ಶಾಮಿಯಾನದ ಹುಡುಗರು ಕುರ್ಚಿ ಒಟ್ಟು ಹಾಕಲು ಶುರು ಮಾಡುತ್ತಾರೆ. ಮರುದಿನ ಜನ ಮಾತಾಡುವುದು ಹಾಡಿನ ಬಗ್ಗೆ ಅಲ್ಲ, ಜೀಪಿನ ಬಗ್ಗೆ. ಲಕ್ಷಗಟ್ಟಲೆ ಖರ್ಚು ಮಾಡಿದ ಸಂಘಟಕರು ಭಾಷಣ ಅರ್ಧ ಗಂಟೆ ಕಡಿಮೆ ಮಾಡಿದ್ದರೆ ಈ ಗತಿ ಬರುತ್ತಿರಲಿಲ್ಲ. ಇದನ್ನು ಪೊಲೀಸರ ತಲೆಗೆ ಕಟ್ಟುವುದು ಸರಿಯಲ್ಲ.

ಶಾಸ್ತ್ರೀಯ ಸಂಗೀತದವರು ಇದರಲ್ಲಿ ಜಾಣರು. ಹಿಂದೂಸ್ತಾನಿ ಕಛೇರಿ ಭೈರವಿಗೆ ಬಂತು ಎಂದರೆ ಕೇಳುವವರಿಗೆ ಸೂಚನೆ ಸಿಕ್ಕಿತು, ಇನ್ನು ಮುಗೀತು ಅಂತ. ಕರ್ನಾಟಕ ಸಂಗೀತದಲ್ಲಿ ಮಂಗಳ ಹಾಡಿದ ಮೇಲೆ 'ಇನ್ನೊಂದು' ಎಂದು ಕೇಳುವ ಕ್ರಮ ಇಲ್ಲ. ಮುಗಿಯುವುದನ್ನು ಮೈಕಿನಲ್ಲಿ ಕೂಗಿ ಹೇಳುವ ಅಗತ್ಯವೇ ಬೀಳುವುದಿಲ್ಲ, ರಾಗವೇ ಹೇಳುತ್ತದೆ. ಆಟದ ಮಂಗಳವೂ ಅದೇ ಕೆಲಸ ಮಾಡುವಂಥದ್ದು.

ತುದಿಯ ಹಾಡು ಬದಲಾದರೆ ಎಂತ ಆಗ್ತದೆ ಅಂತ ಈ ಸೀಮೆಯವರು ಒಂದು ಸಲ ಕಣ್ಣಾರೆ ಕಂಡಿದ್ದಾರೆ. ಕೆರಾಡಿಯ ರಿಷಬ್ ಶೆಟ್ಟಿ ಅವರ 'ಕಾಂತಾರ' 2022ರ ಸೆಪ್ಟೆಂಬರ್ 30ರಂದು ತೆರೆಗೆ ಬಂತು. ಕ್ಲೈಮ್ಯಾಕ್ಸಿನಲ್ಲಿ ಅಜನೀಶ್ ಲೋಕನಾಥ್ ಸಂಗೀತದ 'ವರಾಹ ರೂಪಂ'. ಟಾಕೀಸಿನಲ್ಲಿ ಜನ ಏಳದೆ ಕೂತುಬಿಟ್ಟಿದ್ದರು. ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಇದು ತಮ್ಮ ಹಾಡಿನ ನಕಲು ಎಂದು ಕೋರ್ಟಿಗೆ ಹೋಯಿತು, ತಡೆಯಾಜ್ಞೆ ಬಂತು. ನವೆಂಬರ್ 24ರಂದು ಚಿತ್ರ ಅಮೆಜಾನ್ ಪ್ರೈಮಿನಲ್ಲಿ ಬಂದಾಗ ಸಾಹಿತ್ಯ ಅದೇ, ಸಂಗೀತ ಬೇರೆ. ಎರಡೂಕಾಲು ಗಂಟೆಗೂ ಹೆಚ್ಚಿನ ಸಿನಿಮಾದಲ್ಲಿ ಉಳಿದದ್ದೆಲ್ಲ ಹಾಗೇ ಇತ್ತು. ಆದರೂ ಇದು ಟಾಕೀಸಿನಲ್ಲಿ ನೋಡಿದ ಸಿನಿಮಾವೇ ಅಲ್ಲ ಎಂಬ ದೂರು. ಆಮೇಲೆ ಮೂಲ ಹಾಡು ವಾಪಾಸು ಬಂತು. ಹಕ್ಕುಸ್ವಾಮ್ಯದ ವಿಚಾರ ಬೇರೆ, ಕೆಲವೇ ನಿಮಿಷದ ಹಾಡಿಗೆ ಜನ ಕೊಟ್ಟ ತೂಕ ಮಾತ್ರ ಇಲ್ಲಿ ನೋಡಬೇಕಾದದ್ದು.

ಹರಕೆಯಾಟದಲ್ಲಿ ಈ ತೂಕ ಇನ್ನೂ ಜಾಸ್ತಿ. ಮಂದಾರ್ತಿಯಂತಹ ಮೇಳದ ಆಟಕ್ಕೆ ಹೆಸರು ಬರೆಸಿ ಹತ್ತಾರು ವರ್ಷ ಕಾಯುವ ಮನೆಗಳಿವೆ. ಹರಕೆ ಹೊತ್ತ ಅಪ್ಪ ಇಲ್ಲ, ಆಟ ಆಡಿಸುವುದು ಮಗ. ಮನೆಯೆದುರಿನ ಗದ್ದೆಯಲ್ಲಿ ರಂಗಸ್ಥಳ, ಬೊಂಬಾಯಿ, ಬೆಂಗಳೂರಿನಿಂದ ಬಂದ ನೆಂಟರು, ಇಡೀ ಊರಿಗೆ ಊಟ. ಅವರಿಗೆ ಯಾವ ಪದ್ಯ ಏರಿತು ಎನ್ನುವುದು ಮುಖ್ಯವೇ ಅಲ್ಲ. ಮಂಗಳ ಆಗಿ, ಚೌಕಿಯಲ್ಲಿ ದೇವರಿಗೆ ಆರತಿ ಆಗಿ, ಪ್ರಸಾದ ಕೈಗೆ ಬಿದ್ದರೆ ಹರಕೆ ಸಂದಿತು. ಅಲ್ಲಿಯವರೆಗೆ ಮನೆ ಯಜಮಾನ ಕೂರುವುದೂ ಇಲ್ಲ, ಮಲಗುವುದೂ ಇಲ್ಲ. ಏರು ಪದ್ಯ ಮುಗಿದ ಕೂಡಲೇ ಬೈಕು ಸ್ಟಾರ್ಟ್ ಮಾಡುವ ಅಭಿಮಾನಿಗಳ ಗಲಾಟೆಯ ಮಧ್ಯೆ, ಆ ಮಂಗಳ ಕೇಳಲು ನಿಲ್ಲುವುದು ಮನೆಯವರು ಮತ್ತು ಹತ್ತಿಪ್ಪತ್ತು ಮಂದಿ.

ಸಂಘಟಕರಿಗೆ ಮಾಡಲು ಸಾಧ್ಯ ಇರುವುದು ದೊಡ್ಡ ಕೆಲಸ ಏನಲ್ಲ. ಗಂಟೆಯನ್ನು ಹಿಂದಿನಿಂದ ಎಣಿಸಬೇಕು. ಮಂಗಳ ಎಷ್ಟು ಗಂಟೆಗೆ ಅಂತ ಮೊದಲು ತೀರ್ಮಾನಿಸಿ, ಅದಕ್ಕೆ ತಕ್ಕ ಹಾಗೆ ಸಭಾ ಕಾರ್ಯಕ್ರಮ ಇಡುವುದು. ಕರಪತ್ರದಲ್ಲಿ ಶುರುವಾಗುವ ಹೊತ್ತು ಮಾತ್ರ ಹಾಕುವ ಬದಲು ಮುಗಿಯುವ ಹೊತ್ತನ್ನೂ ಹಾಕುವುದು. ಕೆಲವು ಕಡೆ ಊಟಕ್ಕೆ, ಶಾಮಿಯಾನಕ್ಕೆ, ಗರ್ನಾಲಿಗೆ ಖರ್ಚು ಮಾಡುವ ಹಣದಲ್ಲಿ ಎರಡು ಟೆಂಪೋ ಗೊತ್ತು ಮಾಡಿ ಒಳಗಿನ ಊರುಗಳವರನ್ನು ಮನೆಗೆ ಬಿಡುವುದು ಕಷ್ಟ ಅಲ್ಲ. ಇಲ್ಲಿ ಶಾಲೆ ಮಕ್ಕಳಿಗೆ, ಮದುವೆ ದಿಬ್ಬಣಕ್ಕೆ ಟೆಂಪೋ ಸಿಗುತ್ತದೆ. ಆಟಕ್ಕೂ ಸಿಗಬಹುದು.

ಸದ್ಯಕ್ಕೆ ಕಾಲಮಿತಿ ಆಟಗಳಲ್ಲಿ ರಾತ್ರಿಯ ಕಡೆಯ ಬಸ್ಸಿನ ಹೊತ್ತಿಗೆ ಹೆಂಗಸರ ಸಾಲಿನ ಕುರ್ಚಿಗಳು ಮೊದಲು ಖಾಲಿಯಾಗುತ್ತವೆ. ಆಗ ರಂಗಸ್ಥಳದಲ್ಲಿ ಯುದ್ಧ ಇನ್ನೂ ಶುರುವಾಗಿರುವುದಿಲ್ಲ.