ತಾತನ ವಾಚಿಗೆ ರಜೆ ಕೊಡಿ

ಮಲ್ಲೇಶ್ವರದ ಸಂಪಿಗೆ ರಸ್ತೆಯ ಆಸುಪಾಸಿನ ತಾಯಿಯೊಬ್ಬರು ಕೇಳಿದ ಪ್ರಶ್ನೆ ಇದು: "ಮಗ ಎಸ್ಸೆಸ್ಸೆಲ್ಸಿ ಪಾಸಾದ. ನಮ್ಮ ಮಾವನವರ ಎಚ್‌ಎಂಟಿ ಜನತಾ ವಾಚು ತನಗೇ ಬೇಕು, ದಿನಾ ಕಾಲೇಜಿಗೆ ಕಟ್ಟಿಕೊಂಡು ಹೋಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ನಮ್ಮ ಮನೆಯವರು ಅದು ಬೀರುವಿನಲ್ಲೇ ಇರಲಿ ಎನ್ನುತ್ತಾರೆ. ಕಟ್ಟಿದರೆ ಹಾಳಾಗುತ್ತದೆಯೇ, ಇಟ್ಟರೆ ಹಾಳಾಗುತ್ತದೆಯೇ?"

ಪ್ರಶ್ನೆ ಒಂದು ಮನೆಯದಾದರೂ ಇದರ ಹಿಂದಿರುವ ವಿಜ್ಞಾನ ಎಲ್ಲ ಮನೆಗಳಿಗೂ ಬೇಕಾದದ್ದು. ಅದರ ಹೆಸರು ಸವಕಳಿ. ಚಲಿಸುವ ಯಾವ ವಸ್ತುವೂ ಸವೆಯದೆ ಇರುವುದಿಲ್ಲ. ಚಪ್ಪಲಿಯ ಅಟ್ಟೆ, ಒರಳುಕಲ್ಲು, ಸೈಕಲ್ಲಿನ ಚೈನು, ದೇವಸ್ಥಾನದ ಹೊಸ್ತಿಲು ಎಲ್ಲವೂ ಒಂದೇ ನಿಯಮಕ್ಕೆ ಕಟ್ಟುಬಿದ್ದಿವೆ. ಆ ನಿಯಮವನ್ನು 1953ರಲ್ಲಿ ಬ್ರಿಟನ್ನಿನ ಜೆ. ಎಫ್. ಆರ್ಚರ್ಡ್ ಎಂಬ ವಿಜ್ಞಾನಿ ಒಂದು ಸರಳ ಸೂತ್ರವಾಗಿ ಬರೆದರು. ಒಂದರ ಮೇಲೊಂದು ಉಜ್ಜುವ ಎರಡು ವಸ್ತುಗಳಲ್ಲಿ ಸವೆದುಹೋಗುವ ಪ್ರಮಾಣವು ಅವುಗಳ ನಡುವಿನ ಒತ್ತಡಕ್ಕೂ ಉಜ್ಜಿದ ಒಟ್ಟು ದೂರಕ್ಕೂ ನೇರ ಅನುಪಾತದಲ್ಲಿರುತ್ತದೆ. ಸವೆಯುವ ವಸ್ತುವಿನ ಗಡಸುತನಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಒತ್ತಡ ಎರಡರಷ್ಟಾದರೆ ಸವಕಳಿ ಎರಡರಷ್ಟು. ದೂರ ಹತ್ತರಷ್ಟಾದರೆ ಸವಕಳಿಯೂ ಹತ್ತರಷ್ಟು.

ಅದೇ 1953ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್, ಅಂದರೆ ಎಚ್‌ಎಂಟಿ, ಹುಟ್ಟಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ಸಹಯೋಗದಲ್ಲಿ ಅದರ ಕೈಗಡಿಯಾರದ ಕಾರ್ಖಾನೆ ಆರಂಭವಾಯಿತು. ಜನತಾ, ಪೈಲಟ್, ಸೋನಾ, ಕಾಂಚನ್ ಎಂಬ ಹೆಸರುಗಳನ್ನು ಹಿರಿಯರು ಈಗಲೂ ಮರೆತಿಲ್ಲ. ಕೆಲಸಕ್ಕೆ ಸೇರಿದಾಗ ಒಂದು, ಮದುವೆಗೆ ಒಂದು, ನಿವೃತ್ತಿಗೆ ಒಂದು ಎಂದು ವಾಚು ಕೊಡುತ್ತಿದ್ದ ಕಾಲ ಅದು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಹಾಗಾಗಿ ಹಳೆಯ ಜನತಾ ವಾಚಿನ ಒಂದು ಚಕ್ರ ಸವೆದರೆ ಇನ್ನೊಂದು ಹಳೆಯ ವಾಚಿನಿಂದ ಕಿತ್ತು ಹಾಕುವ ಪರಿಸ್ಥಿತಿ ಬರುತ್ತದೆ. ಒಂದು ಉಳಿಯಬೇಕಾದರೆ ಇನ್ನೊಂದು ಸಾಯಬೇಕು. ಸವಕಳಿಯ ಲೆಕ್ಕ ಮುಖ್ಯವಾಗುವುದು ಇಲ್ಲಿಯೇ.

ಲೆಕ್ಕ ಹಾಕೋಣ. ಕೀ ಕೊಡುವ ಈ ವಾಚುಗಳು ಸೆಕೆಂಡಿಗೆ ಐದು ಸಲ ಟಿಕ್ ಎನ್ನುತ್ತವೆ, ಗಂಟೆಗೆ 18,000. ದಿನಕ್ಕೆ 4,32,000. ನಿಮಿಷಕ್ಕೆ 72 ಸಲ ಬಡಿಯುವ ನಮ್ಮ ಹೃದಯ ದಿನಕ್ಕೆ ಬಡಿಯುವುದು 1,03,680 ಸಲ. ಅಂದರೆ ತಾತನ ವಾಚು ತಾತನ ಹೃದಯಕ್ಕಿಂತ ನಾಲ್ಕು ಪಟ್ಟು ಹೆಚ್ಚು ದುಡಿದಿದೆ! ವರ್ಷಕ್ಕೆ 15 ಕೋಟಿ 76 ಲಕ್ಷ ಬಡಿತ. ಪ್ರತಿ ಬಡಿತದಲ್ಲೂ ಒಂದು ಪುಟ್ಟ ಹಲ್ಲಿನ ಚಕ್ರ ಒಂದು ಕವೆಗೆ ತಗುಲಿ, ಜಾರಿ, ಬಿಡಿಸಿಕೊಂಡು ಮುಂದೆ ಹೋಗುತ್ತದೆ. ಇಂಥ ಕಡೆ ಉಕ್ಕಿಗೆ ಉಕ್ಕನ್ನೇ ಉಜ್ಜಿಸಿದರೆ ಬಹಳ ದಿನ ಬಾಳದು. ಅದಕ್ಕೇ ಅಲ್ಲಿ ಕೆಂಪುಕಲ್ಲನ್ನು, ಅಂದರೆ ಮಾಣಿಕ್ಯವನ್ನು ಕೂರಿಸಿರುತ್ತಾರೆ. ಡಯಲಿನ ಮೇಲೆ '17 ಜ್ಯುವೆಲ್ಸ್' ಎಂದು ಬರೆದಿರುವುದು ಈ ಕಲ್ಲುಗಳ ಲೆಕ್ಕವೇ. ಆದರೆ ಅದನ್ನು ಕಿತ್ತು ಮಾರಿದರೆ ಬಂಗಾರದಂಗಡಿಯವರು ಏನೂ ಕೊಡುವುದಿಲ್ಲ. ಅವು ಕಾರ್ಖಾನೆಯಲ್ಲಿ ತಯಾರಾದ ಕಲ್ಲುಗಳು. ಫ್ರಾನ್ಸಿನ ಆಗಸ್ಟ್ ವರ್ನ್ಯೂಯಿ 1902ರಲ್ಲಿ ಪ್ರಕಟಿಸಿದ ವಿಧಾನದಿಂದ ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಹರಳುಗಟ್ಟಿಸುವುದು ಸುಲಭವಾಯಿತು. ಮೋಸ್ ಗಡಸುತನದ ಪಟ್ಟಿಯಲ್ಲಿ ವಜ್ರ 10 ಆದರೆ ಮಾಣಿಕ್ಯ 9.

ಮಾಣಿಕ್ಯ ಇಷ್ಟು ಗಡಸಾಗಿರುವಾಗ ವಾಚು ಏಕೆ ಸವೆಯಬೇಕು? ಮೂರು ಕಾರಣಗಳಿವೆ. ಮೊದಲನೆಯದು, ಎಲ್ಲ ಕಡೆಯೂ ಕಲ್ಲಿಲ್ಲ. ಸ್ಪ್ರಿಂಗ್ ಇರುವ ಡಬ್ಬಿಯ ಅಚ್ಚು, ಕೀ ಕೊಡುವ ಕಡ್ಡಿ, ಅದರ ಹಲ್ಲುಗಳು ಇವೆಲ್ಲ ಲೋಹಕ್ಕೆ ಲೋಹ ತಾಗುವ ಜಾಗಗಳು. ದಿನವೂ ಬೆಳಿಗ್ಗೆ ಕೀ ಕೊಡುವ ವಾಚಿನಲ್ಲಿ ಬೇಗ ಸವೆಯುವುದು ಇವೇ. ಎರಡನೆಯದು, ಒಳಗಿನ ಎಣ್ಣೆ. ಹನಿಗಿಂತಲೂ ಚಿಕ್ಕದಾದ ಆ ಎಣ್ಣೆ ಕೆಲವೇ ವರ್ಷಗಳಲ್ಲಿ ಒಣಗಿ ಅಂಟಾಗುತ್ತದೆ. ಮೂರನೆಯದು ಧೂಳು. ನಮ್ಮ ಊರಿನ ರಸ್ತೆಯ ಧೂಳಿನಲ್ಲಿ ಗ್ರಾನೈಟ್ ಕಲ್ಲಿನಿಂದ ಬಂದ ಕ್ವಾರ್ಟ್ಜ್ ಕಣಗಳಿರುತ್ತವೆ. ಅವುಗಳ ಗಡಸುತನ 7. ಹಿತ್ತಾಳೆಯದು ಸುಮಾರು 3.

ಇಲ್ಲೊಂದು ವಿಚಿತ್ರವಿದೆ. ಹಿತ್ತಾಳೆಯ ತೂತಿನಲ್ಲಿ ಉಕ್ಕಿನ ಅಚ್ಚು ತಿರುಗುವಾಗ ಸವೆಯುವುದು ಯಾವುದು ಎಂದು ತರಗತಿಯಲ್ಲಿ ಕೇಳಿದರೆ ಎಲ್ಲರೂ "ಹಿತ್ತಾಳೆ" ಎನ್ನುತ್ತಾರೆ. ಹಳೆಯ ಗಡಿಯಾರ ಬಿಚ್ಚಿ ನೋಡಿದರೆ ಎಷ್ಟೋ ಸಲ ಉಕ್ಕಿನ ಅಚ್ಚಿನಲ್ಲೇ ಗೀರು ಬಿದ್ದಿರುತ್ತದೆ. ಮೆತ್ತಗಿನ ಹಿತ್ತಾಳೆಯಲ್ಲಿ ಧೂಳಿನ ಗಟ್ಟಿ ಕಣ ಹೂತು ಕೂರುತ್ತದೆ. ಆಮೇಲೆ ಆ ಹಿತ್ತಾಳೆಯೇ ಉಪ್ಪುಕಾಗದದಂತೆ ಉಕ್ಕನ್ನು ಉಜ್ಜತೊಡಗುತ್ತದೆ. ಒಣಗಿದ ಎಣ್ಣೆ ಆ ಕಣಗಳನ್ನು ಹಿಡಿದಿಟ್ಟುಕೊಳ್ಳುವ ಅಂಟು. ಎಣ್ಣೆ ಹಾಕದ ಹಳೆಯ ವಾಚನ್ನು ದಿನಾ ಓಡಿಸುವುದು ಎಂದರೆ ಅದನ್ನು ಒಳಗಿನಿಂದ ಅರೆಯುವುದು ಎಂದೇ ಅರ್ಥ.

ಹಾಗಾದರೆ ಉಪಾಯವೇನು? ದುಡಿಯಲು ಒಂದು, ಉಳಿಯಲು ಒಂದು. ಇದು ಹೊಸ ಮಾತಲ್ಲ. ನಮ್ಮ ದೇವಸ್ಥಾನಗಳಲ್ಲಿ ಮೂಲ ವಿಗ್ರಹ ಗರ್ಭಗುಡಿ ಬಿಟ್ಟು ಕದಲುವುದಿಲ್ಲ. ತೇರು ಹತ್ತುವುದು, ಬೀದಿ ಸುತ್ತುವುದು ಉತ್ಸವಮೂರ್ತಿ. ಇದಕ್ಕೆ ಶಾಸ್ತ್ರದ ಕಾರಣಗಳು ಬೇರೆ ಇರಬಹುದು. ವಸ್ತುವಿನ ದೃಷ್ಟಿಯಿಂದ ನೋಡಿದರೆ ಮೂಲದ ಮೇಲಿನ ಪೆಟ್ಟು ತಪ್ಪುತ್ತದೆ. ಮೈಸೂರು ದಸರೆಯಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ವಿಜಯದಶಮಿಯ ದಿನ ಮಾತ್ರ ಆನೆಯ ಮೇಲೇರುತ್ತದೆ. ಅದಕ್ಕೆ ಮುಂಚಿನ ತಾಲೀಮಿನಲ್ಲಿ ಮರಳು ಮೂಟೆ, ಆಮೇಲೆ ಮರದ ಅಂಬಾರಿ. ಆನೆಗೆ ಅಭ್ಯಾಸವೂ ಆಯಿತು, ಚಿನ್ನದ ಅಂಬಾರಿಗೆ ವಿಶ್ರಾಂತಿಯೂ ಆಯಿತು.

ವಿಜ್ಞಾನದಲ್ಲಿ ಇದರ ದೊಡ್ಡ ಉದಾಹರಣೆ ಕಿಲೋಗ್ರಾಂ. 1889ರಿಂದ ಜಗತ್ತಿನ ಎಲ್ಲ ತೂಕಗಳಿಗೂ ಮೂಲವಾಗಿದ್ದದ್ದು ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿದ್ದ ಪ್ಲಾಟಿನಂ-ಇರಿಡಿಯಂ ಗುಂಡು. ಅದನ್ನು ಗಾಜಿನ ಮುಚ್ಚಳಗಳ ಕೆಳಗೆ, ಭದ್ರ ಕೋಣೆಯಲ್ಲಿ ಇಟ್ಟಿದ್ದರು. ಹೊರತೆಗೆದದ್ದು ಬೆರಳೆಣಿಕೆಯಷ್ಟು ಸಲ. ದಿನನಿತ್ಯದ ಕೆಲಸಕ್ಕೆ ಅದರ ಪ್ರತಿಗಳನ್ನು ಬಳಸುತ್ತಿದ್ದರು. ಭಾರತದ ಪಾಲಿನ ಪ್ರತಿಯ ಸಂಖ್ಯೆ 57. ಅದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ಇಷ್ಟೆಲ್ಲ ಜೋಪಾನ ಮಾಡಿದರೂ ನೂರು ವರ್ಷದಲ್ಲಿ ಮೂಲಕ್ಕೂ ಪ್ರತಿಗಳಿಗೂ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಬಂತು. ಕೊನೆಗೆ 2019ರ ಮೇ 20ರಿಂದ ಕಿಲೋಗ್ರಾಮನ್ನು ಲೋಹದ ಗುಂಡಿನ ಬದಲು ಪ್ಲಾಂಕ್ ಸ್ಥಿರಾಂಕದ ಆಧಾರದ ಮೇಲೆ ನಿರೂಪಿಸಲಾಗಿದೆ. ಮುಟ್ಟದೆ ಇಟ್ಟರೂ ವಸ್ತು ಬದಲಾಗುತ್ತದೆ ಎಂಬ ಪಾಠವನ್ನು ಇಲ್ಲಿ ಗಮನಿಸಿ. ಮುಂದೆ ಬೇಕಾಗುತ್ತದೆ.

ಅಮೆರಿಕದಲ್ಲಿ ಹಳೆಯ ರಿವಾಲ್ವರುಗಳನ್ನು ಸಂಗ್ರಹಿಸುವವರಿಗೂ ಇದೇ ಚಿಂತೆ. ರಿವಾಲ್ವರು ಒಂದು ರೀತಿಯಲ್ಲಿ ವಾಚಿನ ದಾಯಾದಿ. ಗುಂಡುಗಳಿರುವ ಉರುಳೆ ಪ್ರತಿ ಸಲವೂ ಒಂದು ಮನೆಯಷ್ಟು ತಿರುಗಿ, ನಳಿಕೆಯ ನೇರಕ್ಕೆ ಬಂದು, ಕಚ್ಚಿಕೊಂಡು ನಿಲ್ಲಬೇಕು. ತಿರುಗಿಸುವ ಕೊಕ್ಕೆಯೂ ನಿಲ್ಲಿಸುವ ಗೂಟವೂ ಸವೆದರೆ ಗುಂಡಿನ ಮನೆಯೂ ನಳಿಕೆಯೂ ಒಂದೇ ಸಾಲಿಗೆ ಬರುವುದಿಲ್ಲ. ಜೊತೆಗೆ ಉರುಳೆಗೂ ನಳಿಕೆಗೂ ನಡುವಿನ ಸಂದಿಯಲ್ಲಿ ನುಗ್ಗುವ ಬಿಸಿ ಅನಿಲ ಉಕ್ಕನ್ನೇ ಕೊರೆಯುತ್ತದೆ. 1950ರ ದಶಕದ ಒಂದು ಸ್ಮಿತ್ ಅಂಡ್ ವೆಸ್ಸನ್ ಮಾದರಿಯಲ್ಲಿ ಬಿರುಸಿನ ಮ್ಯಾಗ್ನಂ ಗುಂಡುಗಳನ್ನು ಹೆಚ್ಚಾಗಿ ಹಾರಿಸಿದಾಗ ನಳಿಕೆಯ ಬುಡ ಬಿರುಕು ಬಿಡುತ್ತಿತ್ತು. ಅದಕ್ಕಾಗಿ 1980ರ ದಶಕದ ಆರಂಭದಲ್ಲಿ ಇನ್ನೂ ದಪ್ಪ ಚೌಕಟ್ಟಿನ ಮಾದರಿ ಬಂತು. 1985ರಲ್ಲಿ ರೂಗರ್ ಕಂಪನಿ ಜಿಪಿ100 ಎಂಬ ಗಟ್ಟಿಮುಟ್ಟಾದ ರಿವಾಲ್ವರನ್ನು ತಂದಿತು. ಸಂಗ್ರಾಹಕರು ಗುರಿಯ ಅಭ್ಯಾಸಕ್ಕೆ ಇಂಥ ಹೊಸದೊಂದನ್ನು ಕೊಂಡು ಹಳೆಯವನ್ನು ಪೆಟ್ಟಿಗೆಯಲ್ಲಿ ಇಡುತ್ತಾರೆ. ನಮ್ಮಲ್ಲಿ ಈ ಹವ್ಯಾಸಕ್ಕೆ ಜಾಗ ಕಡಿಮೆ. ಆಯುಧ ಕಾಯಿದೆಗೆ 2019ರಲ್ಲಿ ಬಂದ ತಿದ್ದುಪಡಿ ಸಾಮಾನ್ಯ ಪರವಾನಗಿದಾರರ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಅದು ಒಳ್ಳೆಯದೇ. ಆಯುಧದಿಂದ ಕಲಿಯಬಹುದಾದ ಲೋಹದ ಪಾಠವನ್ನು ನಾವು ವಾಚಿನಿಂದಲೂ ಕಲಿಯಬಹುದು. ವಾಚಿನಿಂದ ಯಾರಿಗೂ ಗಾಯವಾಗುವುದಿಲ್ಲ.

ಈಗ ಆ ತಾಯಿಯ ಪ್ರಶ್ನೆಗೆ ಉತ್ತರ. ಮಗನಿಗೆ ದಿನಬಳಕೆಗೆ ಒಂದು ಗಟ್ಟಿಯಾದ, ನೀರು ತಡೆಯುವ ಸಾಧಾರಣ ಕ್ವಾರ್ಟ್ಜ್ ವಾಚು ಕೊಡಿಸಿ. ಅದರೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. 2ನ್ನು 15 ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಅರ್ಧ ಅರ್ಧ ಮಾಡುತ್ತ ಹೋದರೆ ಹದಿನೈದನೆಯ ಹೆಜ್ಜೆಗೆ ಸರಿಯಾಗಿ ಒಂದು ಸೆಕೆಂಡು ಸಿಗುತ್ತದೆ. ಆ ಹರಳು ಎಷ್ಟು ಕಂಪಿಸಿದರೂ ಒಂದಕ್ಕೊಂದು ಉಜ್ಜುವ ಭಾಗ ಅದರಲ್ಲಿಲ್ಲ. ಮುಳ್ಳು ತಿರುಗಿಸುವ ಚಕ್ರಗಳ ಮೇಲಿನ ಒತ್ತಡವೂ ಬಹಳ ಕಡಿಮೆ. ಬಸ್ಸಿನ ನೂಕುನುಗ್ಗಲು, ಕ್ರಿಕೆಟ್ಟು, ಮಳೆ, ಪ್ರಯೋಗಾಲಯದ ಆಮ್ಲ ಎಲ್ಲವನ್ನೂ ಅದು ಎದುರಿಸಲಿ. ಒಡೆದರೆ ಇನ್ನೊಂದು ತರಬಹುದು. ಹೇಗಿದ್ದರೂ ನೀಟ್ ಪರೀಕ್ಷೆಗೆ ಯಾವ ವಾಚನ್ನೂ ಒಳಗೆ ಬಿಡುವುದಿಲ್ಲ. ತಾತನ ವಾಚನ್ನು ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಯಾರ ಕೈಗೋ ಕೊಡುವ ಸಂಕಟವೂ ತಪ್ಪುತ್ತದೆ.

ಆದರೆ ತಾತನ ವಾಚನ್ನು ಬೀರುವಿನಲ್ಲಿ ಹೂಳುವುದೂ ಸರಿಯಲ್ಲ. ಕಿಲೋಗ್ರಾಮಿನ ಗುಂಡಿನ ಪಾಠ ನೆನಪಿಸಿಕೊಳ್ಳಿ. ನಿಂತ ವಾಚಿನಲ್ಲಿ ಸವಕಳಿ ಇಲ್ಲ, ನಿಜ. ಎಣ್ಣೆ ಮಾತ್ರ ಒಣಗುತ್ತಲೇ ಇರುತ್ತದೆ. ಬೆವರಿನ ಉಪ್ಪು ಅಂಟಿದ ಹಿಂಬದಿ ಮುಚ್ಚಳಕ್ಕೆ ಮಳೆಗಾಲದ ತೇವ ಸೇರಿದರೆ ತುಕ್ಕು ಶುರುವಾಗುತ್ತದೆ. ಬಹಳ ವರ್ಷ ನಿಂತಿದ್ದ ವಾಚಿಗೆ ಉತ್ಸಾಹದಿಂದ ಕೀ ಕೊಟ್ಟು ಓಡಿಸಬೇಡಿ. ಮೊದಲು ಬಲ್ಲ ರಿಪೇರಿಯವರ ಹತ್ತಿರ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿ. ನಾಲ್ಕೈದು ವರ್ಷಕ್ಕೊಮ್ಮೆ ಇದನ್ನು ಮಾಡಿಸುತ್ತಿರಿ. ಆಮೇಲೆ ವಾರಕ್ಕೊಂದು ದಿನ, ಭಾನುವಾರವೋ ಹಬ್ಬದ ದಿನವೋ, ಮಗ ಅದನ್ನು ಕಟ್ಟಿಕೊಳ್ಳಲಿ. ಒಮ್ಮೆ ಪೂರ್ತಿ ಕೀ ಕೊಟ್ಟರೆ ಸುಮಾರು ಒಂದೂವರೆ ದಿನ ಓಡುತ್ತದೆ ಎಂದು ಹಿಡಿಯೋಣ. ವರ್ಷದ 52 ವಾರಕ್ಕೆ 78 ದಿನದ ಓಟ. ಅಂದರೆ 3 ಕೋಟಿ 37 ಲಕ್ಷ ಬಡಿತ. ದಿನಾ ಓಡಿಸಿದ್ದರ ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಕೀ ಕಡ್ಡಿಯ ಲೆಕ್ಕ ಇನ್ನೂ ಚೆನ್ನಾಗಿದೆ: 365 ಸಲದ ಬದಲು 52 ಸಲ, ಏಳರಲ್ಲಿ ಒಂದು ಪಾಲು. ಆರ್ಚರ್ಡ್ ಸೂತ್ರದ ಪ್ರಕಾರ ಸವಕಳಿಯೂ ಅಷ್ಟೇ ಕಡಿಮೆ. ಮಗನ ಮಗನಿಗೂ ವಾಚು ಉಳಿಯುತ್ತದೆ.

ಇನ್ನೊಂದು ಮಾತನ್ನು ತಂದೆಯವರಿಗೂ ಹೇಳಬೇಕು. ಬೀರುವಿನಲ್ಲಿ ಬೀಗ ಹಾಕಿಟ್ಟ ವಸ್ತುವಿನ ಬಗ್ಗೆ ಮಕ್ಕಳಿಗೆ ಪ್ರೀತಿ ಬೆಳೆಯುವುದಿಲ್ಲ. ಕೀ ಎಷ್ಟು ಸುತ್ತು ಕೊಡಬೇಕು, ಎಲ್ಲಿ ಬಿಗಿಯಾದಾಗ ನಿಲ್ಲಿಸಬೇಕು ಎಂಬುದು ಬೆರಳಿಗೆ ಗೊತ್ತಾಗಬೇಕಾದ ವಿದ್ಯೆ. ಅದನ್ನು ತಾತ ಮಾಡುತ್ತಿದ್ದ ಹಾಗೆ ತೋರಿಸಿಕೊಡುವವರು ನೀವೇ. ವಾಚಿನ ಭಾಗಗಳಂತೆ ಅದನ್ನು ರಿಪೇರಿ ಮಾಡುವ ಕೈಗಳೂ ಕಡಿಮೆಯಾಗುತ್ತಿವೆ. ಯಾರೂ ರಿಪೇರಿಗೆ ತರದಿದ್ದರೆ ಆ ಕಸುಬೂ ಉಳಿಯದು. ರಜೆಯಲ್ಲಿ ಒಂದು ದಿನ ಸಂಪಿಗೆ ರಸ್ತೆಯ ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಗೊರಗುಂಟೆಪಾಳ್ಯದಲ್ಲಿ ಇಳಿದು, ಅಲ್ಲಿಂದ ಆಟೊದಲ್ಲಿ ಜಾಲಹಳ್ಳಿಯ ಎಚ್‌ಎಂಟಿ ಪರಂಪರೆ ಕೇಂದ್ರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮನೆಯಲ್ಲಿರುವ ವಾಚಿನ ಅಣ್ಣತಮ್ಮಂದಿರು ಅಲ್ಲಿ ಸಿಗುತ್ತಾರೆ.

ಮಾಡಿ ನೋಡಿ: ಎಣ್ಣೆ ಹಾಕಿಸಿದ ಹಳೆಯ ವಾಚಿಗೆ ಪೂರ್ತಿ ಕೀ ಕೊಟ್ಟು ಮೊಬೈಲಿನ ಸಮಯಕ್ಕೆ ಸೆಕೆಂಡಿನವರೆಗೂ ಸರಿಹೊಂದಿಸಿ. ಡಯಲು ಮೇಲೆ ಮಾಡಿ ಮೇಜಿನ ಮೇಲಿಡಿ. 24 ಗಂಟೆಯ ನಂತರ ಎಷ್ಟು ಸೆಕೆಂಡು ಹಿಂದೆ ಅಥವಾ ಮುಂದೆ ಎಂದು ಬರೆದುಕೊಳ್ಳಿ. ಮತ್ತೆ ಕೀ ಕೊಟ್ಟು, ಮರುದಿನ ಡಯಲು ಕೆಳಗೆ, ಅದರ ಮರುದಿನ ಕೀ ಗುಂಡಿ ಕೆಳಗೆ ಬರುವಂತೆ ನಿಲ್ಲಿಸಿ ಅಳೆಯಿರಿ. ದಿನಕ್ಕೆ ಒಂದು ನಿಮಿಷ ವ್ಯತ್ಯಾಸ ಬಂದರೂ ಅದು 86,400 ಸೆಕೆಂಡಿನಲ್ಲಿ 60, ಶೇಕಡಾ 0.07 ಮಾತ್ರ. ಮೂರು ಭಂಗಿಗಳ ನಡುವೆ ವ್ಯತ್ಯಾಸ ಬಹಳ ಹೆಚ್ಚಿದ್ದರೆ ಅಚ್ಚು ಸವೆದಿರಬಹುದು ಅಥವಾ ಎಣ್ಣೆ ಸರಿಯಿಲ್ಲದಿರಬಹುದು. ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಅದರ ಹತ್ತಿರ ಒಂದು ದಿಕ್ಸೂಚಿ ಹಿಡಿಯಿರಿ. ಮುಳ್ಳು ಅಲುಗಾಡಿದರೆ ವಾಚಿಗೆ ಕಾಂತತ್ವ ಬಂದಿದೆ ಎಂದು ಸಂಶಯಪಡಬಹುದು. ಸ್ಪೀಕರು, ಮೊಬೈಲುಗಳಿಂದ ಅದನ್ನು ದೂರವಿಡಿ. ಕಾಂತತ್ವ ತೆಗೆಯುವುದು ರಿಪೇರಿಯವರಿಗೆ ಒಂದು ನಿಮಿಷದ ಕೆಲಸ. ಹಿಂಬದಿಯ ಮುಚ್ಚಳವನ್ನು ಮಾತ್ರ ನೀವೇ ತೆಗೆಯಲು ಹೋಗಬೇಡಿ.