ಒಂದೇ ಆದೇಶ, ಎರಡು ತಲೆಬರಹ

ಕಾವೇರಿ ವಿವಾದ ಕಾವೇರಿದಾಗಲೆಲ್ಲ ಹೊರನಾಡ ಕನ್ನಡಿಗರಾದ ನಮಗೆ, ವಿಶೇಷವಾಗಿ ಚೆನ್ನೈನಲ್ಲಿ ನೆಲೆಸಿದ ಬಂಧುಗಳಿಗೆ, ವಿಚಿತ್ರವಾದ ಅನುಕೂಲವೊಂದು ಒದಗುತ್ತದೆ. ಬೆಳಗ್ಗೆ ಮನೆಬಾಗಿಲಿಗೆ ಬರುವುದು ತಮಿಳು ಪತ್ರಿಕೆ. ರಾತ್ರಿ ಊಟದ ಹೊತ್ತಿಗೆ ನೋಡುವುದು ಬೆಂಗಳೂರಿನ ವಾಹಿನಿ. ಸುದ್ದಿ ಒಂದೇ, ಅನ್ಯಾಯಕ್ಕೊಳಗಾದವರು ಮಾತ್ರ ಬೇರೆ ಬೇರೆ.

2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟು, ಹತ್ತು ದಿನಗಳ ಕಾಲ ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡುವಂತೆ ಕರ್ನಾಟಕಕ್ಕೆ ಆದೇಶಿಸಿತು. 12ರಂದು ಆ ಪ್ರಮಾಣವನ್ನು 12,000ಕ್ಕೆ ಇಳಿಸಿ, ಅವಧಿಯನ್ನು 20ರವರೆಗೆ ವಿಸ್ತರಿಸಿತು. ‘ಇಳಿಕೆ’ ಎಂದು ಬರೆದರೂ ನಿಜ, ‘ವಿಸ್ತರಣೆ’ ಎಂದು ಬರೆದರೂ ನಿಜ. ಒಟ್ಟು ನೀರಿನ ಲೆಕ್ಕ ಹಾಕಿದರೆ ಮೊದಲಿಗಿಂತ ಹೆಚ್ಚೇ ಆಗುತ್ತದೆ! ಪಕ್ಷಪಾತಕ್ಕೆ ಸುಳ್ಳಿನ ಅಗತ್ಯವಿಲ್ಲ, ಒಂದು ಪದದ ಆಯ್ಕೆ ಸಾಕು. ಅಳತೆಯ ಮಾತೂ ಹಾಗೆಯೇ. ದಿನಕ್ಕೆ 12,000 ಕ್ಯೂಸೆಕ್ ಎಂದರೆ ಒಂದು ಟಿಎಂಸಿ ಅಡಿಗಿಂತ ತುಸು ಹೆಚ್ಚು. ಬಿಡುವವರ ಸಂಕಟಕ್ಕೆ ಸಾವಿರಗಳ ಲೆಕ್ಕ ಒಪ್ಪುತ್ತದೆ, ಪಡೆಯುವವರ ಅತೃಪ್ತಿಗೆ ಒಂಟಿ ಅಂಕಿ.

ಅದೇ 12ರಂದು ಚೆನ್ನೈನ ಮೈಲಾಪುರದಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ಪೆಟ್ರೋಲ್ ಬಾಂಬು ಬಿತ್ತು. ಬೆಂಗಳೂರಿನಲ್ಲಿ ತಮಿಳುನಾಡು ಮೂಲದ ಸಾರಿಗೆ ಸಂಸ್ಥೆಯ ಹತ್ತಾರು ಬಸ್ಸುಗಳು ಸುಟ್ಟು ಬೂದಿಯಾದವು. ಪೊಲೀಸ್ ಗೋಲಿಬಾರಿಗೆ ಯುವಕನೊಬ್ಬ ಬಲಿಯಾದ. ತಮ್ಮವರ ಮೇಲಿನ ಹಲ್ಲೆಯ ದೃಶ್ಯವನ್ನೇ ಮತ್ತೆ ಮತ್ತೆ ತೋರಿಸಿದ ವಾಹಿನಿಗಳಿಗೆ ಇದರಲ್ಲಿ ಪಾಲಿಲ್ಲವೆನ್ನಲು ನಮಗೆ ಮನಸ್ಸು ಬಾರದು. ಅದರ ಬೆಲೆ ತೆತ್ತವರು ಗಡಿಯಾಚೆ ಅಂಗಡಿ, ಹೋಟೆಲು, ಸಂಸಾರ ಕಟ್ಟಿಕೊಂಡ ಎರಡೂ ಭಾಷೆಯ ಜನ.

2018ರ ಫೆಬ್ರವರಿ 16ರ ಅಂತಿಮ ತೀರ್ಪು ಇನ್ನೊಂದು ನಿದರ್ಶನ. ತಮಿಳುನಾಡಿಗೆ 404.25 ಟಿಎಂಸಿ, ಕರ್ನಾಟಕಕ್ಕೆ 284.75. ಇವೆರಡನ್ನೇ ಅಕ್ಕಪಕ್ಕ ಅಚ್ಚಿಸಿದರೆ ಯಾವ ಕನ್ನಡಿಗನ ರಕ್ತ ಕುದಿಯದು? ಆದರೆ ತಮಿಳುನಾಡಿನ ಪಾಲಿನಲ್ಲಿ ಅದರದೇ ಜಲಾನಯನ ಪ್ರದೇಶದ ನೀರೂ ಸೇರಿದೆ. ಸಾಮಾನ್ಯ ಮಳೆಯ ವರ್ಷದಲ್ಲಿ ಕರ್ನಾಟಕ ಬಿಳಿಗುಂಡ್ಲುವಿನಲ್ಲಿ ಹರಿಸಬೇಕಾದುದು 177.25 ಟಿಎಂಸಿ. ನ್ಯಾಯಮಂಡಳಿ ವಿಧಿಸಿದ್ದ 192ಕ್ಕಿಂತ ಇದು 14.75 ಕಡಿಮೆ, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಉಳಿದ 10ಕ್ಕೆ ತಮಿಳುನಾಡಿನ ಅಂತರ್ಜಲವನ್ನು ನ್ಯಾಯಾಲಯ ಲೆಕ್ಕಕ್ಕೆ ಹಿಡಿಯಿತು. ಇಷ್ಟನ್ನು ತಿಳಿದ ಓದುಗ ಯಾವ ತಲೆಬರಹಕ್ಕೂ ಸುಲಭವಾಗಿ ಉರಿದೇಳಲಾರ.

ಪತ್ರಿಕೆಗಳಿಗೆ ದುರುದ್ದೇಶವಿದೆ ಎಂಬುದು ನಮ್ಮ ವಾದವಲ್ಲ. ಕನ್ನಡ ವಾಹಿನಿಗೆ ತಂಜಾವೂರಿನಲ್ಲಿ ನೋಡುಗರಿಲ್ಲ, ತಮಿಳು ಪತ್ರಿಕೆಗೆ ಮಂಡ್ಯದಲ್ಲಿ ಚಂದಾದಾರರಿಲ್ಲ. ಮಾರುಕಟ್ಟೆ ಗಡಿಯಲ್ಲಿ ಮುಗಿದರೆ ಕುತೂಹಲವೂ ಬಹುಮಟ್ಟಿಗೆ ಅಲ್ಲೇ ಮುಗಿಯುತ್ತದೆ. ಮಳೆ ಕೈಕೊಟ್ಟ ವರ್ಷ ಕನ್ನಡ ಪತ್ರಿಕೆಗಳು 124.80 ಅಡಿಯ ಕೃಷ್ಣರಾಜಸಾಗರದ ಮಟ್ಟವನ್ನು ದಿನವೂ ಅಚ್ಚಿಸುತ್ತವೆ, ತಮಿಳು ಪತ್ರಿಕೆಗಳು 120 ಅಡಿಯ ಮೆಟ್ಟೂರಿನದನ್ನು. ಎರಡೂ ಪತ್ರಿಕೆ ಬರುವ ಮನೆಗಳಲ್ಲಿ ಮಕ್ಕಳಿಗೆ ಎರಡೂ ಅಂಕಿಗಳನ್ನು ಒಟ್ಟಿಗೆ ಓದಿಸಬಹುದು.