ಯಾರ ಹೆಜ್ಜೆ, ಯಾರ ಪೊರಕೆ?

'ಇಂಗಾಲದ ಹೆಜ್ಜೆಗುರುತು' ಅಂತ ಹೊಸ ಮಾತೊಂದು ಊರಿಗೆ ಬಂದಿದೆ. ಸಭೆ ಸೇರಿಸಿ, ಶಾಲು ಹೊದ್ದುಕೊಂಡು, ಕೇರಿಯವರಿಗೂ ಉಪದೇಶ: ನಿಮ್ಮ ಹೆಜ್ಜೆಗುರುತು ಕಮ್ಮಿ ಮಾಡಿಕೊಳ್ಳಿ. ಕೇಳಿದರೆ ನಗು ಬರುತ್ತೆ, ಹೊಟ್ಟೆನೂ ಉರಿಯುತ್ತೆ. ಪೇಶ್ವೆಗಳ ಪುಣೆಯಲ್ಲಿ ನಮ್ಮವರು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ತಮ್ಮ ಹೆಜ್ಜೆಯನ್ನು ತಾವೇ ಗುಡಿಸುತ್ತಾ ಹೋಗಬೇಕಿತ್ತೆಂದು ಬಾಬಾಸಾಹೇಬರು 1936ರಲ್ಲೇ ಬರೆದಿದ್ದಾರೆ. ಆ ಪೊರಕೆಯನ್ನೇ ಮತ್ತೆ ಕಟ್ಟೋಕೆ ಬಂದಿರಾ ಸ್ವಾಮಿ?

ಲೆಕ್ಕ ಬೇಡ ಅನ್ನುತ್ತಿಲ್ಲ. ಹಾಕೋಣ, ಮನೆ ಮನೆಗೂ ಹಾಕೋಣ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕಿಲೋ, ಯಾಕೆಂದರೆ ದೇಶದ ಕರೆಂಟು ಬಹುಪಾಲು ಕಲ್ಲಿದ್ದಲಿನದು. ತಿಂಗಳಿಗೆ 30 ಯೂನಿಟ್ ಉರಿಸುವ ಕೇರಿಯ ಮನೆಯದು 21 ಕಿಲೋ. 300 ಯೂನಿಟ್ಟೂ 50 ಲೀಟರ್ ಪೆಟ್ರೋಲೂ ಸುಡುವ ಧಣಿ ಮನೆಯದು 325 ಕಿಲೋ. ಇಬ್ಬರನ್ನೂ 'ಊರಿನ ಸರಾಸರಿ' ಅಂತ ಒಂದೇ ತಕ್ಕಡಿಗೆ ಹಾಕೋದು ಲೆಕ್ಕವಲ್ಲ, ಮೋಸ. ನೀರು ಕೊಡುವಾಗ ಊರು ಬೇರೆ, ಕೇರಿ ಬೇರೆ. ತಪ್ಪು ಹೊರಿಸುವಾಗ ಮಾತ್ರ ಎಲ್ಲಾ ಒಂದೇ ಊರು!

ಇನ್ನು ಪರಿಹಾರ ನೋಡಿ. ಪಾವಗಡ ತಾಲ್ಲೂಕಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿದೆ. 2018ರಿಂದ ಕರೆಂಟು ಹರಿಯುತ್ತಿದೆ. ಹೊಗೆ ಇಲ್ಲ, ಬೂದಿ ಇಲ್ಲ, ಒಪ್ಪಿದೆವು. ರಾಯಚೂರಿನ ಶಕ್ತಿನಗರದ ಕಲ್ಲಿದ್ದಲ ಬೂದಿಗಿಂತ ಮೇಲು. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರುವಾದ ಗುತ್ತಿಗೆ ಹಣ. ಆ ಹೊಲಗಳಲ್ಲಿ ಕಳೆ ಕಿತ್ತ, ಕಡಲೆಕಾಯಿ ಬಿಡಿಸಿದ ಕೂಲಿಯವರಿಗೆ? ಪಹಣಿಯಲ್ಲಿ ಹೆಸರಿಲ್ಲದವರಿಗೆ ಗುತ್ತಿಗೆಯೂ ಇಲ್ಲ, ಇದ್ದ ಕೂಲಿಯೂ ಹೋಯಿತು. ತಲೆತಲಾಂತರದಿಂದ ಭೂಮಿ ಕೊಡದೆ ಇಟ್ಟವರೇ ಈಗ ಭೂಮಿ ಇಲ್ಲವಲ್ಲಾ ಅಂತ ಕೈ ತಿರುವುತ್ತಾರೆ!

ಹಾಗಾದರೆ ಆಗಬೇಕಾದ್ದೇನು? ಲೆಕ್ಕ ಮನೆವಾರು ಆಗಲಿ, ಗ್ರಾಮಸಭೆಯಲ್ಲಿ ಎಲ್ಲರೆದುರು ಓದಲಿ. ಕಡಿತ ಹೆಚ್ಚು ಸುಡುವವನ ಮನೆಯಿಂದ ಶುರುವಾಗಲಿ. ಹೊತ್ತಿಗೆ ಸರಿಯಾಗಿ ಬಸ್ಸು ಬರಲಿ. ಹತ್ತು ಬೈಕು ತಾವೇ ನಿಲ್ಲುತ್ತವೆ. ಸೌದೆ ಹೊಗೆ ಕುಡಿಯೋ ನಮ್ಮ ಅವ್ವಂದಿರ ಕೈಗೆಟುಕೋ ಬೆಲೆಗೆ ಗ್ಯಾಸು ಸಿಗಲಿ. ಕೇರಿಯ ಸೂರಿನ ಮೇಲೂ ಸೋಲಾರ್ ಕೂರಲಿ. ಬಿಸಿಲಿನ ಗುತ್ತಿಗೆಯಲ್ಲಿ ಭೂಮಿಯಿಲ್ಲದ ಕೂಲಿಯವರಿಗೂ ಪಾಲು ಬೇಕು. ಇದು ಭಿಕ್ಷೆಯಲ್ಲ, ಹಕ್ಕು.

ಬಿಸಿಲು ಯಾರಪ್ಪನ ಆಸ್ತಿ? ಆ ಬಿಸಿಲಲ್ಲಿ ಬೆಂದವರು ನಾವು. ನಮ್ಮ ಹೆಜ್ಜೆ ನಾವೇ ಅಳಿಸಿಕೊಳ್ಳೋ ಕಾಲ ಮುಗೀತು. ಇನ್ನು ಹೆಜ್ಜೆ ಊರ್ತೀವಿ.